ಕುಲುಮೆಯ ಪಾಳಿ

ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ಓಣಿಯ ಹೆಂಗಸರು ನನಗೊಂದು ಹೆಸರಿಟ್ಟರು: ‘ನೀಲಿ ಕೈಯಾಕಿ’. ಹೆಸರು ಸುಳ್ಳಲ್ಲ. ಮೊಣಕೈವರೆಗೆ ನನ್ನ ಕೈ ನೀಲಿಯಾಗಿರುತ್ತಿತ್ತು. ಬೂದಿ ಹಚ್ಚಿ ತಿಕ್ಕಿದರೂ, ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಉಗುರಿನ ಸಂದಿಯ ಬಣ್ಣ ಹೋಗುತ್ತಿರಲಿಲ್ಲ. ರೋಣಕ್ಕೆ, ತವರಿಗೆ ಹೋದಾಗ ನನ್ನವ್ವ ಕೈ ಹಿಡಿದು ನೋಡಿ, “ನಿನ್ನ ಕಮ್ಮಾರರ ಮನೀಗೆ ಕೊಟ್ಟೇನೋ, ಬಣ್ಣಗಾರರ ಮನೀಗೆ ಕೊಟ್ಟೇನೋ” ಅಂದಿದ್ದಳು.

ಇದನ್ನೆಲ್ಲ ನಾನು ಹೇಳುತ್ತಿದ್ದೇನೆ, ಸಾಲಿ ಮಾಸ್ತರನಾಗಿರುವ ಮೊಮ್ಮಗ ಬರೆಯುತ್ತಿದ್ದಾನೆ. ನನ್ನ ಮಾತನ್ನು ತೊಳೆದು ಬಳಿದು ಪುಸ್ತಕದ ಕನ್ನಡ ಮಾಡುವುದು ಅವನ ಚಟ. ಮಾಡಲಿ. ನನ್ನ ಬೈಗುಳ ಮಾತ್ರ ಬಿಡಬೇಡ ಎಂದು ಹೇಳಿದ್ದೇನೆ. ಬಿಟ್ಟೇ ಇರುತ್ತಾನೆ.

ಕೈ ನೀಲಿಯಾಗಲು ಕಾರಣ ನಮ್ಮ ಮಾವ. ಅವರು ಊರಿನ ಕಮ್ಮಾರರು. ಕುಡುಗೋಲು, ಕೊಡಲಿ ಯಾರು ಬೇಕಾದರೂ ಬಡಿದುಕೊಡುತ್ತಾರೆ. ಆದರೆ ಗಾಡಿಯ ಗಾಲಿಗೆ ಕಬ್ಬಿಣದ ಬಳೆಯಂಥ ಹಳಿ ಹಾಕುವುದರಲ್ಲಿ ರೋಣ ದಾಟಿ ನರಗುಂದದ ತನಕ ಅವರ ಕೈಗೆ ಸರಿ ಇನ್ನೊಂದು ಕೈ ಇರಲಿಲ್ಲ. ಹಳಿ ಹಾಕುವುದನ್ನು ನೋಡದವರಿಗೆ ಹೇಳುತ್ತೇನೆ. ಹಳಿಯನ್ನು ಗಾಲಿಗಿಂತ ತುಸು ಸಣ್ಣದಾಗಿಯೇ ಬಡಿದಿರುತ್ತಾರೆ. ಅದನ್ನು ನೆಲದ ಮೇಲೆ ಮಲಗಿಸಿ, ಸುತ್ತ ಕುಳ್ಳು ಒಟ್ಟಿ ಬೆಂಕಿ ಹಚ್ಚಬೇಕು. ಕೆಂಪಗೆ ಕಾದು ಹಿಗ್ಗಿದಾಗ ಇಕ್ಕಳಗಳಿಂದ ಎತ್ತಿ ತಂದು ಕಟ್ಟಿಗೆಯ ಗಾಲಿಗೆ ತೊಡಿಸಬೇಕು. ತೊಡಿಸಿದ ಕೂಡಲೇ ಗಾಲಿ ಹೊತ್ತಿಕೊಳ್ಳುತ್ತದೆ. ಆಗ ಕೊಡದ ಮೇಲೆ ಕೊಡ ನೀರು ಸುರಿಯಬೇಕು. ತಡವಾದರೆ ಗಾಲಿ ಸುಟ್ಟಿತು, ನೀರು ಸಾಲದಾದರೆ ಹಳಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಸರಿಯಾಗಿ ಆರಿದ ಹಳಿ ಗಾಲಿಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ ಒಳಗಿನ ಅರಗಳು ಕಿರ್ರೆಂದು ನರಳುತ್ತವೆ. ಆ ಸದ್ದು ಕೇಳಿದ ಮೇಲೆಯೇ ಮಾವ ಬೆವರು ಒರೆಸಿಕೊಳ್ಳುತ್ತಿದ್ದರು.

ಅಂದರೆ ಹಳಿಯ ಕೆಲಸ ಅರ್ಧ ಬೆಂಕಿಯದು, ಅರ್ಧ ನೀರಿನದು. ನಮ್ಮೂರಲ್ಲಿ ಬೆಂಕಿಗೆ ಯಾವತ್ತೂ ಕೊರತೆಯಾಗಿಲ್ಲ. ನೀರಿನದೇ ಗೋಳು. ಕಸುಬಿನವರ ಓಣಿಗಳಿಗೆಲ್ಲ ಸೇರಿ ಸಿಹಿನೀರಿನ ಬಾವಿ ಒಂದೇ. ಬೇಸಿಗೆ ಬಂತೆಂದರೆ ಆ ಬಾವಿಗೆ ಪಾಳಿ. ಆ ಪಾಳಿ ಮನೆಯ ಹೆಸರಿನಲ್ಲಿರಲಿಲ್ಲ, ಕಸುಬಿನ ಹೆಸರಿನಲ್ಲಿತ್ತು. ಬಣ್ಣಗಾರರ ಪಾಳಿ, ನೇಕಾರರ ಪಾಳಿ, ಗಾಣದ ಪಾಳಿ, ಕುಲುಮೆಯ ಪಾಳಿ. ರಾಶಿಯ ಕಾಲಕ್ಕೆ ರೈತರು ಕಸುಬು ನೋಡಿ ವರ್ಷದ ಕೂಲಿಯೆಂದು ಆಯದ ಕಾಳು ಅಳೆಯುವಂತೆ ಬಾವಿಯೂ ಕಸುಬು ನೋಡಿ ನೀರು ಕೊಡುತ್ತಿತ್ತು. ಆ ನೀರಿನಲ್ಲೇ ಕಬ್ಬಿಣ ಆರಿಸುವುದು, ಅದರಲ್ಲೇ ಅಡಿಗೆ, ಅದನ್ನೇ ಕುಡಿಯುವುದು. ಕುಲುಮೆಗೆ ಎಷ್ಟು, ಒಲೆಗೆ ಎಷ್ಟು ಎಂದು ಯಾರೂ ಕೇಳಿದವರಿಲ್ಲ. ಕೇಳುವ ದಿನ ಬರುತ್ತದೆಂದು ನಮಗೂ ಹೊಳೆದಿರಲಿಲ್ಲ.

ನಮ್ಮ ಕುಲುಮೆಯ ಮೇಲುಗಡೆ ಬಣ್ಣಗಾರರ ಓಣಿ. ಅವರು ನೂಲು ಅಲಬಿದ ನೀರು ಗಟಾರದಲ್ಲಿ ಹರಿದು ನಮ್ಮ ಬಾಗಿಲ ಮುಂದೆಯೇ ಹೋಗುತ್ತಿತ್ತು. ಒಂದು ದಿನ ನೀಲಿ, ಒಂದು ದಿನ ಕೆಂಪು, ನಾತ ಮಾತ್ರ ದಿನವೂ. ಮಾವ ಅದನ್ನು ಎಷ್ಟೋ ದಿನ ನೋಡುತ್ತ ಕೂತಿದ್ದರಂತೆ. ನಾನು ಬರುವ ಹಿಂದಿನ ವರ್ಷ ಹಾರೆ ಹಿಡಿದು ಹಿತ್ತಲಲ್ಲಿ ಮೂರು ಕುಣಿ ತೋಡಿ, ಒಳಗೆ ಗಾರೆ ಮೆತ್ತಿದರು. ಮೊದಲನೆಯ ಕುಣಿಯಲ್ಲಿ ನೀರು ನಿಂತು ರಾಡಿ ತಳ ಹಿಡಿಯಬೇಕು. ಎರಡನೆಯದರಲ್ಲಿ ಹಳ್ಳದ ಉಸುಕು, ಮೂರನೆಯದರಲ್ಲಿ ಕುಲುಮೆಯ ಇದ್ದಲಿ. ಅಲ್ಲಿಂದ ಸೋಸಿ ಬಂದದ್ದು ಕಲ್ಲುಬಾನಿಗೆ. ಬಾನಿಯ ನೀರು ಹಳಿಯ ಮೇಲೆ ಬಿದ್ದು ಬಿಸಿಯಾದ ಮೇಲೂ ಅವರು ಅದನ್ನು ಬಿಡುತ್ತಿರಲಿಲ್ಲ. ಅಂಗಳದ ಕಲ್ಲುಹಾಸನ್ನು ಇಳಿಜಾರು ಮಾಡಿ ಅದು ಮತ್ತೆ ಮೊದಲ ಕುಣಿಗೇ ಹೋಗುವಂತೆ ಕಾಲುವೆ ತೆಗೆದಿದ್ದರು. ಅಲ್ಲಿ ಆರಿ, ಸೋಸಿ, ತಿರುಗಿ ಬಾನಿಗೆ. ಒಂದೇ ನೀರು ಎಷ್ಟು ಗಾಲಿ ತಣಿಸುತ್ತಿತ್ತೋ ದೇವರಿಗೇ ಗೊತ್ತು. ರಾಡಿ ಎತ್ತುವುದು, ಉಸುಕು ತೊಳೆಯುವುದು, ಇದ್ದಲಿ ಬದಲಿಸುವುದು ಸೊಸೆಯ ಪಾಲಿಗೆ ಬಂತು. ಬರದೆ ಎಲ್ಲಿ ಹೋದೀತು.

ಅತ್ತೆ ಆ ಕಡೆ ಹಾಯುತ್ತಿರಲಿಲ್ಲ. ಕಮ್ಮಾರರಾದರೂ ನಾವು ಜನಿವಾರದವರು, ಮಡಿ-ಮೈಲಿಗೆ ನೋಡುವವರು. ಕಂಡವರ ನೂಲು ತೊಳೆದ ನೀರನ್ನು ಹಿತ್ತಲಲ್ಲಿ ಕೂಡಿಟ್ಟದ್ದು ಅವರಿಗೆ ಹೇಸಿಗೆ. “ಈ ಮುಸುರಿ ನೀರ ಒಳಗ ಹಾಯಬಾರದು ನೋಡ” ಎಂದು ನನಗೆ ತಾಕೀತು. ಮಾವ ನಗುತ್ತಿದ್ದರು. “ಕಬ್ಬಿಣಕ್ಕ ಜಾತಿ ಇಲ್ಲವಾ, ಏನ ಕೊಟ್ರೂ ಕುಡಿತೈತಿ” ಎನ್ನುತ್ತಿದ್ದರು. ಚಿಕ್ಕನರಗುಂದದ ಕಡೆಯಿಂದ ಬಂದ ಗಾಡಿಯವರೂ ಹಿತ್ತಲಿಗೆ ಹೋಗಿ ಕುಣಿ ನೋಡಿ, ಮೂಗು ಮುಚ್ಚಿಕೊಂಡು ಭೇಷ್ ಅನ್ನುತ್ತಿದ್ದರು. ಮಾವನಿಗೆ ಆ ಭೇಷ್ ಬೆಲ್ಲಕ್ಕಿಂತ ರುಚಿ.

ಆ ವರ್ಷ ನರಗುಂದದ ಕಡೆ ಗದ್ದಲ ಎದ್ದಿತ್ತು. ಯಾರು ಯಾರ ಮೇಲೆ ಎದ್ದರು, ಯಾಕೆ ಎದ್ದರು ಎಂಬುದನ್ನು ಮೊಮ್ಮಗನಂಥ ಓದಿದವರು ಹೇಳುತ್ತಾರೆ. ನಮಗೆ ಕಂಡದ್ದು ದಾರಿ ತುಂಬ ದಂಡಿನ ಗಾಡಿಗಳು, ಊರ ಹೊರಗೆ ಕಟ್ಟಿದ ಕುದುರೆಗಳು. ಗಾಡಿ ಓಡಿದಂತೆಲ್ಲ ಗಾಲಿ ಸಡಿಲಾಗುತ್ತವೆ, ಗಾಲಿ ಸಡಿಲಾದಂತೆಲ್ಲ ಕಮ್ಮಾರನಿಗೆ ಕರೆ ಬರುತ್ತದೆ. ಆ ಕರೆಗೆ ಒಲ್ಲೆ ಎನ್ನುವ ಹಾಗಿರಲಿಲ್ಲ, ಬಿಟ್ಟಿ ಕೆಲಸ.

ಅದೇ ಹೊತ್ತಿಗೆ ನಾದಿನಿ ಬಂದಳು. ಅವಳನ್ನು ನರಗುಂದಕ್ಕೇ ಕೊಟ್ಟಿತ್ತು. ಚೊಚ್ಚಲ ಬಸುರಿ. ಹೇಗೂ ಹೆರಿಗೆಗೆ ತವರಿಗೆ ಬರುವವಳೇ, ಗದ್ದಲಕ್ಕೆ ಹೆದರಿ ಅವಳ ಅತ್ತೆಮನೆಯವರು ಲಗುಬಗೆಯಲ್ಲಿ ಗಾಡಿ ಕಟ್ಟಿ ರೋಣದ ಮೇಲಿಂದ ಕಳಿಸಿಬಿಟ್ಟರು. ಗಾಡಿ ಇಳಿದವಳ ಕಾಲು ಬಾತು ಗುಂಡಗಾಗಿದ್ದವು. ಮಾವ ಅವಳನ್ನು ನೋಡಿ ಒಳಗೆ ಹೋಗಿ, ತಾವೇ ಒಂದು ತಂಬಿಗೆ ನೀರು ತಂದು ಅವಳ ಕಾಲ ಮೇಲೆ ಸುರಿದರು. ಒಬ್ಬಳೇ ಮಗಳು. ಅವಳ ಬಾಣಂತನ ಮಾಡಿ ತಾಯಿ-ಕೂಸನ್ನು ಸುಖವಾಗಿ ಕಳಿಸಿಕೊಡಬೇಕು, ಆ ಬೇಸಿಗೆಯಲ್ಲಿ ನಮ್ಮ ಮನೆಗಿದ್ದ ಹೊಣೆ ಅದೊಂದೇ. ಬಾಣಂತನ ಎಂದರೆ ಏನು, ಬಿಸಿನೀರು. ಬೆಳಿಗ್ಗೆ ಒಂದು ಹಂಡೆ, ಸಂಜೆ ಒಂದು ಹಂಡೆ. ಅತ್ತೆ ದೊಡ್ಡ ಹಂಡೆಯನ್ನು ಅಟ್ಟದಿಂದ ಇಳಿಸಿ ಬೆಳಗಿ ನೀರೊಲೆಯ ಮೇಲೆ ಕೂಡಿಸಿದರು.

ಅಷ್ಟರಲ್ಲಿ ಗೌಡರು ಎಲ್ಲ ಕಸುಬಿನ ಹಿರಿಯರನ್ನು ಚಾವಡಿಗೆ ಕರೆಸಿದರು. ಅಲ್ಲಿ ನಡೆದದ್ದನ್ನು ನಮ್ಮ ಮನೆಯವರು, ಅಂದರೆ ನನ್ನ ಗಂಡ, ಬಂದು ಹೇಳಿದರು. ಗೌಡರ ಹಿಂದೆ ದಂಡಿನ ಕುದುರೆ ನೋಡಿಕೊಳ್ಳುವವನೊಬ್ಬ ನಿಂತಿದ್ದನಂತೆ, ಗೌಡರು ಮಾತಿಗೊಮ್ಮೆ ಅವನ ಕಡೆ ನೋಡುತ್ತಿದ್ದರಂತೆ.

“ದಂಡಿನ ಕುದರಿಗೆ ನಮ್ಮ ಬಾವಿ ಬಿಡಬೇಕಂತ ಹುಕುಂ ಆಗೇತಿ. ನಂದೇನೂ ನಡ್ಯಂಗಿಲ್ಲ. ಯಾರ್ಯಾರ ಪಾಳಿ ಎಷ್ಟೆಷ್ಟು ಬಿಡಾಕ ಆಕ್ಕೈತಿ, ನೀವ ಹೇಳ್ರಿ” ಎಂದರು ಗೌಡರು.

ಇಂಥ ಕೂಟದಲ್ಲಿ ಹೇಗೆ ಮಾತಾಡಬೇಕು ಎಂಬುದಕ್ಕೆ ನಮ್ಮ ಕಡೆ ಒಂದು ರೂಢಿಯಿದೆ. ಇದ್ದದ್ದಕ್ಕಿಂತ ಹೆಚ್ಚು ಅಳಬೇಕು. ಬಣ್ಣಗಾರರ ಹಿರಿಯ, ನೀರಿಲ್ಲದಿದ್ದರೆ ಬಾನಿಯಲ್ಲಿರುವ ನೂಲೆಲ್ಲ ಕೊಳೆಯುತ್ತದೆ ಎಂದು ಅತ್ತ. ಗಾಣದವನು ತನ್ನ ಎತ್ತು ನಿಂತಲ್ಲೇ ಬೀಳುತ್ತವೆ ಎಂದು ಅತ್ತ. ನೇಕಾರರು ನೂಲಿಗೆ ಹಚ್ಚುವ ಗಂಜಿಗೆ ನೀರಿಲ್ಲದೆ ಮಗ್ಗ ನಿಲ್ಲುತ್ತದೆ ಎಂದು ಅತ್ತರು. ಎಲ್ಲರೂ ಅತ್ತ ಮೇಲೆ ಗೌಡರು ಎಲ್ಲರಿಂದಲೂ ಸ್ವಲ್ಪ ಸ್ವಲ್ಪ ಕಡಿದು ಮುಗಿಸುತ್ತಾರೆ. ಅದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಮ್ಮ ಮಾವನಿಗೆ ಅಳಲು ಬರಲಿಲ್ಲ. ಆ ಮನುಷ್ಯನಿಗೆ ಕೈಯ ಕೆಲಸದ ಮೇಲಿದ್ದ ಜಂಬ ಬಾಯಿಗೆ ಬಂದುಬಿಟ್ಟಿತು.

“ಗೌಡ್ರ, ನನ್ನ ಕುಲುಮಿಗೆ ಒಂದ ಹನಿ ನೀರ ಬ್ಯಾಡ. ನೀವೆಲ್ಲ ಚೆಲ್ಲಿದ್ದರಾಗ ನಾ ಹಳಿ ಆರಸ್ತೀನಿ. ಬೇಕಾದ್ರ ಬಂದ ನೋಡ್ರಿ.”

ಚಾವಡಿಯಲ್ಲಿ ಎಲ್ಲರೂ ಭೇಷ್ ಎಂದರು. ಎನ್ನದೆ ಏನು, ಅವರ ನೀರು ಉಳಿದಿತ್ತು. ಗೌಡರು ಎದ್ದು ನಿಂತು ತಮ್ಮ ಕೈಯಾರೆ ವೀಳ್ಯ ಕೊಟ್ಟರು, ಮಾವ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ನಮ್ಮ ಕಡೆ ವೀಳ್ಯ ಬಾಯಿಗೆ ಹೋಯಿತೆಂದರೆ ಮಾತು ಮುಗಿಯಿತು. ಮದುವೆಯ ಮಾತಿರಲಿ, ಹೊಲದ ಮಾತಿರಲಿ, ಆಮೇಲೆ ತಿರುಗಿ ಬಿಚ್ಚುವ ಹಾಗಿಲ್ಲ.

ಮಾವ ಮನೆಗೆ ಬಂದಾಗ ತುಟಿ ಇನ್ನೂ ಕೆಂಪಗಿದ್ದವು. ನಡುಮನೆಯಲ್ಲಿ ಕೂತು ಗೌಡರು ಎದ್ದು ನಿಂತದ್ದನ್ನು ಹೇಳಿದರು. ಅತ್ತೆ ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಕೇಳಿದರು.

“ಕುಲುಮಿಗೆ ಬ್ಯಾಡ, ಖರೇ. ಒಲಿಗೆ?”

“ಒಲೀದು ಬ್ಯಾರೆ.”

“ಒಲಿಗೆ ಬ್ಯಾರೆ ಪಾಳಿ ಯಾವಾಗ ಇತ್ತು?”

ಮಾವ ಅಗಿಯುವುದನ್ನು ನಿಲ್ಲಿಸಿದರು. ಅವರು ಚಾವಡಿಯಲ್ಲಿ ಕಬ್ಬಿಣದ ಮಾತು ಆಡಿದ್ದರು, ಮನೆಯದಲ್ಲ. ಕುಡಿಯುವ ನೀರೂ ಅದೇ ಪಾಳಿಯ ಹೊಟ್ಟೆಯಲ್ಲಿದೆ ಎಂಬುದು ಆ ಗಳಿಗೆಯಲ್ಲಿ ಅವರ ತಲೆಗೆ ಹತ್ತಿರಲೇ ಇಲ್ಲ. ದಿನವೂ ಅದನ್ನು ಹೊತ್ತು ತರುವವರಿಗಾಗಿದ್ದರೆ ಹತ್ತಿರುತ್ತಿತ್ತು. ನಮ್ಮನ್ನು ಚಾವಡಿಗೆ ಯಾರು ಕರೆಯುತ್ತಾರೆ.

ಮರುದಿನ ನಮ್ಮ ಮನೆಯವರು ಗೌಡರ ಮನೆಗೆ ಹೋದರು. ಗೌಡರು ಕೆಟ್ಟ ಮನುಷ್ಯರಲ್ಲ, ಕೂಡಿಸಿ ಮಾತಾಡಿದರಂತೆ. “ಮನಿ ಪಾಳಿ ಅಂತ ಊರಾಗ ಯಾರಿಗೂ ಇಲ್ಲಪಾ. ನಿಮಗ ಕೊಟ್ರ ನಾಳೆ ಎಲ್ಲಾರೂ ಕೇಳ್ತಾರ. ನಿಮ್ಮ ಪಾಳಿ ಕುದರಿಗೆ ಹೋತು. ಅದರಿಂದನ ಉಳದವರದು ಉಳದೈತಿ. ದಂಡ ಹೋಗಲಿ, ನೋಡೋಣು.” ದಂಡು ಯಾವಾಗ ಹೋಗುತ್ತದೆ ಎಂದು ಇವರು ಕೇಳಿದ್ದಕ್ಕೆ, “ಅದು ನನಗ ಗೊತ್ತಿದ್ರ ನಾ ಯಾಕ ಗೌಡಕಿ ಮಾಡತಿದ್ದೆ, ಜೋತಿಷ್ಯ ಹೇಳತಿದ್ದೆ” ಎಂದರಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೊದಮೊದಲು ಓಣಿಯವರು ಕೊಟ್ಟರು. ಬಸುರಿ ಇರುವ ಮನೆ ಎಂದು ಕರೆದು ಕೊಟ್ಟರು. ಆಮೇಲೆ ಕರೆಯುವುದು ನಿಂತಿತು, ಕೇಳಿದರೆ ಕೊಟ್ಟರು. ಆಮೇಲೆ ಕೇಳುವ ಮೊದಲೇ, “ನಮ್ಮದ ಇವತ್ತ ತಳಾ ಕಂಡೈತಿ ನೋಡವಾ” ಎನ್ನತೊಡಗಿದರು. ಸುಳ್ಳು ಹೇಳುತ್ತಿದ್ದಾರೆ ಎಂದು ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಾವಿಯ ನೀರು ದಿನದಿಂದ ದಿನಕ್ಕೆ ಇಳಿಯುತ್ತಿದ್ದದ್ದು ನಿಜವೇ. ಕುದುರೆ ಎಷ್ಟು ಕುಡಿಯುತ್ತದೆ ಎಂಬುದು ಮನುಷ್ಯರಿಗೆ ಗೊತ್ತಿಲ್ಲ.

ನಾನು ಹಳ್ಳಕ್ಕೆ ಹೋಗತೊಡಗಿದೆ. ಒಣಗಿದ ಹಳ್ಳದ ಉಸುಕು ತೋಡಿದರೆ ಒರತೆ ಬರುತ್ತದೆ. ಬೊಗಸೆಯಿಂದ ಮೊಗೆದು ಮೊಗೆದು ಕೊಡ ತುಂಬುವಷ್ಟರಲ್ಲಿ ಹೊತ್ತು ನೆತ್ತಿಗೆ ಬರುತ್ತಿತ್ತು. ಅಲ್ಲಿಯೂ ನನ್ನಂಥವರ ಸಾಲು. ತಂದ ಒಂದು ಕೊಡವನ್ನು ಅತ್ತೆ ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಎಲ್ಲರ ತಂಬಿಗೆಗೂ ಹಾಕುತ್ತಿದ್ದರು. ನಾದಿನಿಯ ತಂಬಿಗೆ ತುಂಬ, ಉಳಿದವರದು ಅರ್ಧ. ಅವಳು ನನ್ನ ಮುಖ ನೋಡಿ, “ವೈನಿ, ನಾ ಈಗ ಬರಬಾರದಿತ್ತ” ಎನ್ನುತ್ತಿದ್ದಳು. ಹೊಟ್ಟೆಯಲ್ಲಿದ್ದ ಕೂಸಿಗೆ ತಡೆದು ಬಾ ಎಂದು ಹೇಳಲಾಗುತ್ತದೆಯೇ.

ಇಷ್ಟರ ನಡುವೆ ಅಂಗಳದಲ್ಲಿ ಕೆಲಸ ನಿಂತಿರಲಿಲ್ಲ. ದಂಡಿನ ಗಾಡಿಗಳು ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ಹಳಿ ಕಾಯುವುದು, ತೊಡಿಸುವುದು, ನಾವೆಲ್ಲ ಬಾನಿಯಿಂದ ಕೊಡ ಎತ್ತಿ ಎತ್ತಿ ಸುರಿಯುವುದು. ಕುಡಿಯಲು ನೀರಿಲ್ಲದವರು ಕಾದ ಕಬ್ಬಿಣದ ಮೇಲೆ ಕೊಡದ ಮೇಲೆ ಕೊಡ ನೀರು ಹೊಯ್ಯುತ್ತಿದ್ದೆವು. ಉಗಿ ಎದ್ದು ಮುಖಕ್ಕೆ ಬಡಿದಾಗ ನಾಲಿಗೆ ತಾನೇ ಹೊರಗೆ ಬರುತ್ತಿತ್ತು. ನಾಲಿಗೆಯನ್ನು ನಾನೇ ಬೈದು ಒಳಗೆ ಕಳಿಸುತ್ತಿದ್ದೆ.

ನಾದಿನಿ ಹೆತ್ತಳು. ಹೆಣ್ಣು ಕೂಸು. ಸೂಲಗಿತ್ತಿ ಬಿಸಿನೀರು ಎಂದು ಕೇಳಿದಾಗ ಮನೆಯಲ್ಲಿದ್ದ ಅಷ್ಟೂ ನೀರು ಅವಳ ಕೈಗೆ ಹೋಯಿತು. ಕೂಸು ಚೆನ್ನಾಗಿತ್ತು. ತಾಯಿಗೆ ಜ್ವರ ಹತ್ತಿತು. ಮರುದಿನದಿಂದ ಬಾಣಂತಿಗೆ ಎರೆಯಬೇಕು, ಎರೆಯಲು ಏನಿದೆ. ಅತ್ತೆ ಒಂದು ಬಟ್ಟೆ ಒದ್ದೆ ಮಾಡಿ ಮಗಳ ಮೈ ಒರೆಸುತ್ತಿದ್ದರು. ಬಾಣಂತಿಯ ಕೋಣೆಯಲ್ಲಿ ಹಸಿಗೂಸಿನ ವಾಸನೆ, ಬೆವರು, ನೊಣ. “ಹಂಡೆ ಇಟ್ಕೊಂಡ ಕುಂತೇನಿ. ನನ್ನ ಮಗಳ ಮೈಗೆ ಒಂದ ಹಂಡೆ ನೀರ ಹಾಕಾಕ ಆಗವಲ್ದು” ಎಂದು ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಅತ್ತೆ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೂ ಅಳು ಬಂತು. ಅತ್ತರೆ ನೀರು ಬರುವುದು ಕಣ್ಣಿಗೆ, ಕೊಡಕ್ಕಲ್ಲ.

ಆ ಮಾತು ಮಾವನ ಕಿವಿಗೆ ಬಿದ್ದಿರಬೇಕು. ರುಮಾಲು ಸುತ್ತಿಕೊಂಡು ಮಗನನ್ನು ಕರೆದುಕೊಂಡು ಚಾವಡಿಗೆ ಹೊರಟರು. ತಿಂದ ವೀಳ್ಯವನ್ನು ಉಗುಳಲು ಹೊರಟಿದ್ದಾರೆ ಎಂದು ನಮಗೆಲ್ಲ ತಿಳಿಯಿತು. ಅವರು ಎಂದೂ ಮಾಡದ ಕೆಲಸ ಅದು. ಅದನ್ನು ಮಾಡಲು ಅವರಿಗೊಂದು ಸುಳ್ಳು ಬೇಕಾಗಿತ್ತು. ದಾರಿಯುದ್ದಕ್ಕೂ ಆ ಸುಳ್ಳನ್ನು ಬಾಯಿಪಾಠ ಮಾಡಿದರಂತೆ.

“ಗೌಡ್ರ, ಅವತ್ತ ನಾ ತಪ್ಪ ಹೇಳಿದೆ. ಆ ಹೊಲಸ ನೀರಾಗ ಹಳಿ ಸೀಳಾಕ ಹತ್ಯಾವು. ಕುಲುಮಿಗೆ ಚಲೋ ನೀರ ಬೇಕ. ನನ್ನ ಪಾಳಿ ನನಗ ಕೊಡ್ರಿ.”

ಚಾವಡಿಯ ಮುಂದೆ ಗಾಡಿಗಳು ನಿಂತಿದ್ದವು. ಗೌಡರು ಒಬ್ಬ ಗಾಡಿಯವನನ್ನು ಕರೆದು, ಗಾಲಿ ಹೇಗಿವೆ ಎಂದು ಕೇಳಿದರು. ಅವನು ಪಾಪದ ಮನುಷ್ಯ. ಮಾವನನ್ನು ಕಂಡು ಕೈ ಮುಗಿದ. “ನರಗುಂದಕ್ಕ ಹೋಗಿ ಬಂದೇನ್ರಿ, ಹೊಳೆಆಲೂರ ಕಡೆ ಕಲ್ಲಿನ ದಾರ್‍ಯಾಗ ಹೋಗೇನಿ. ಒಂದ ಹಳಿನೂ ಅಳ್ಳಾಡಿಲ್ರಿ. ಇಂಥಾ ಕೈ ನಾ ನೋಡಿಲ್ಲ” ಎಂದ. ಕುದುರೆ ನೋಡಿಕೊಳ್ಳುವವನೂ ಗಾಲಿಯನ್ನು ಬೂಟಿನಿಂದ ಒದ್ದು ನೋಡಿ ತಲೆಯಾಡಿಸಿದ. ಸುತ್ತ ನಿಂತವರು ನಕ್ಕರು. ಕೆಟ್ಟ ನಗೆಯಲ್ಲ, ಪ್ರೀತಿಯ ನಗೆ. ಅದೇ ಕೆಟ್ಟದ್ದು.

“ಕಾಕಾ, ನಿನ್ನ ಬಾಯಾಗ ಸುಳ್ಳ ಚಂದ ಕಾಣಂಗಿಲ್ಲ” ಎಂದರು ಗೌಡರು. ಮಾವ ಒಂದು ಹಳಿಯನ್ನಾದರೂ ಕೆಟ್ಟದಾಗಿ ಹಾಕಿದ್ದರೆ ಆ ದಿನ ನಮ್ಮ ಮನೆಗೆ ನೀರು ಬರುತ್ತಿತ್ತು. ಒಂದನ್ನೂ ಹಾಗೆ ಹಾಕಿರಲಿಲ್ಲ. ಬರುವಾಗ ಇನ್ನೊಂದು ಜೋಡಿ ಗಾಲಿಯನ್ನು ಬೇರೆ ಹೊರಿಸಿ ಕಳಿಸಿದರು.

ನಮ್ಮ ಮನೆಯವರು ಬಂದವರೇ ಸುತ್ತಿಗೆಯನ್ನು ಅಂಗಳಕ್ಕೆ ಎಸೆದರು. “ಇನ್ನ ಮ್ಯಾಲೆ ಹಳಿ ಸಡಿಲ ಬಿಡತೀನಿ, ಏನ ಮಾಡ್ತಾರ ಮಾಡ್ಲಿ” ಎಂದರು. ಮಾವ ಆ ಸುತ್ತಿಗೆ ಎತ್ತಿ ಮಣ್ಣು ಒರೆಸಿ ತಂದು ಅದರ ಜಾಗದಲ್ಲಿಟ್ಟರು. “ದಾರ್‍ಯಾಗ ಗಾಲಿ ಕಳಚಿದ್ರ ಸಾಯಾಂವ ಗಾಡಿ ಹೊಡ್ಯಾಂವ, ಗೌಡ ಅಲ್ಲ” ಎಂದಷ್ಟೇ ಹೇಳಿದರು. ಬಡವನ ಸಿಟ್ಟು ದವಡೆಗೆ ಮೂಲ. ಮಗನ ಸಿಟ್ಟು ಅಲ್ಲಿಗೇ ತಣ್ಣ‌ಗಾಯಿತು.

ಅಂದಿನಿಂದ ಮಾವ ತಮ್ಮ ತಂಬಿಗೆಯನ್ನು ಮುಟ್ಟಲಿಲ್ಲ. “ಕುಡದೇನಿ” ಎನ್ನುತ್ತಿದ್ದರು, ಅವರ ಅರ್ಧ ತಂಬಿಗೆ ಬಾಣಂತಿಯ ಕೋಣೆಗೆ ಹೋಗುತ್ತಿತ್ತು. ಬೆಂಕಿಯ ಮುಂದೆ ದಿನವಿಡೀ ನಿಲ್ಲುವ ಮನುಷ್ಯ ನೀರಿಲ್ಲದೆ ಹೇಗೆ ನಿಂತಾನು ಎಂದು ನಾನು ಯೋಚಿಸುತ್ತಿದ್ದೆ. ಒಂದು ಮಧ್ಯಾಹ್ನ ಇದ್ದಲಿ ಬದಲಿಸಲು ಹಿತ್ತಲಿಗೆ ಹೋದಾಗ ತಿಳಿಯಿತು. ಮಾವ ಕಲ್ಲುಬಾನಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಬೊಗಸೆಯ ಮೇಲೆ ಧೋತರದ ಅಂಚು ಹಾಸಿಕೊಂಡು ಬಾನಿಯ ನೀರನ್ನೇ ಕುಡಿಯುತ್ತಿದ್ದರು. ಜನಿವಾರ ಕಿವಿಗೆ ಸುತ್ತಿದ್ದರು, ಅದಕ್ಕೆ ತಾಗದಿರಲಿ ಎಂದು.

ನನ್ನನ್ನು ಕಂಡು ಬಾಯಿ ಒರೆಸಿಕೊಂಡರು. “ಕಬ್ಬಿಣ ಇದನ್ನ ಕುಡದ ಗಟ್ಟಿ ಆಗೇತವಾ. ನನಗ ಏನ ಆಕ್ಕೈತಿ” ಎಂದರು.

ನಾನು ಒಳಗೆ ಓಡಿ ನನ್ನ ಪಾಲಿನ ನೀರು ತಂದುಕೊಟ್ಟೆ. ಅದನ್ನೂ ಅವರು ಬಾಣಂತಿಯ ಕೋಣೆಗೆ ಕಳಿಸಿದರು. ಅತ್ತೆಗೆ ಹೇಳಿದೆ. ಅತ್ತೆ ಕೂಸಿನ ಬಟ್ಟೆ ಮಡಚುತ್ತಿದ್ದವರು ತಲೆ ಎತ್ತದೆ, “ನನಗ ಗೊತ್ತೈತಿ” ಎಂದರು. ನಮ್ಮ ಮನೆಯವರಿಗೂ ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು. ಕೈ ಹಿಡಿದು ನಿಲ್ಲಿಸಬಹುದಿತ್ತು, ನಿಲ್ಲಿಸಿದ ಮೇಲೆ ಕುಡಿಯಲು ಏನು ಕೊಡುವುದು. ಆ ನೀರನ್ನು ಕಾಯಿಸಿ ಕೊಡೋಣವೆಂದು ನೋಡಿದೆ. ಕಾದಷ್ಟೂ ನಾತ ಮೇಲೇಳುತ್ತಿತ್ತು, ಬಾಯಿಗೆ ಹಿಡಿಯಲಾಗುತ್ತಿರಲಿಲ್ಲ. ನನ್ನ ಕೈಲಾದದ್ದು ಒಂದೇ. ಮೂರನೆಯ ಕುಣಿಯ ಇದ್ದಲಿಯನ್ನು ದಿನವೂ ಬದಲಿಸಿದೆ. ಹಳೆಯ ಉಸುಕು ತೆಗೆದು, ಹಳ್ಳದಿಂದ ಹೊಸದು ತಂದು ಬಿಸಿಲಿಗೆ ಹಾಕಿ ತುಂಬಿದೆ. ಕಬ್ಬಿಣಕ್ಕೆ ಅಷ್ಟು ಬೇಕಿರಲಿಲ್ಲ. ಬಾನಿಯ ನೀರು ದಿನದಿಂದ ದಿನಕ್ಕೆ ತಿಳಿಯಾಯಿತು, ತಳದ ಕಲ್ಲು ಕಾಣುವಷ್ಟು. ನೋಡಿದರೆ ಸಿಹಿನೀರೇ ಅನ್ನಬೇಕು. ಆ ತಿಳಿಯನ್ನು ನಂಬಿ ನಾನೂ ಸಮಾಧಾನ ಮಾಡಿಕೊಂಡೆ.

ಆಮೇಲೆ ಮಾವನಿಗೆ ವಾಂತಿ-ಭೇದಿ ಹತ್ತಿತು. ದಂಡಿನ ಜೊತೆ ಬಂದ ಬೇನೆ ಎಂದು ಕೆಲವರೆಂದರು, ಉಷ್ಣ ಎಂದು ವೈದ್ಯರೆಂದರು. ಊರಲ್ಲಿ ಬೇರೆ ಮನೆಗಳಲ್ಲೂ ಹತ್ತಿತ್ತು, ಬಾವಿಯ ನೀರು ಕುಡಿದವರಿಗೂ. ಆದ್ದರಿಂದ ಬಾನಿಯ ನೀರೇ ಕೊಂದಿತು ಎಂದು ನಾನು ಆಣೆ ಮಾಡಿ ಹೇಳಲಾರೆ. ಆಗ ಮನೆಯಲ್ಲಿದ್ದ ಎಲ್ಲರ ತಂಬಿಗೆಯನ್ನೂ ಅವರ ಬಾಯಿಗೆ ಹಿಡಿದೆವು, ನಾದಿನಿಯದನ್ನೂ. ಒಂದು ಗುಟುಕೂ ಒಳಗೆ ನಿಲ್ಲಲಿಲ್ಲ. ನಾದಿನಿ ಬಾಣಂತಿಯ ಕೋಣೆಯ ಹೊಸ್ತಿಲಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, “ಅಪ್ಪಾ, ಅಪ್ಪಾ” ಎಂದು ಕರೆಯುತ್ತಿದ್ದಳು. ಇಳಿಹೊತ್ತಿಗೆ ಮಾವ ಹೋದರು.

ನಮ್ಮ ಓಣಿಗಳಲ್ಲಿ ಸಾವಿನ ಮನೆಗೆ ಪಾಳಿ ಇಲ್ಲ. ಹೆಣ ತೊಳೆಯುವ ನೀರನ್ನು ಆ ಮನೆಯವರು ಕೇಳಬಾರದು, ತರಲೂಬಾರದು, ಓಣಿಯವರೇ ತರಬೇಕು. ಬಾವಿ ಆ ಹೊತ್ತಿಗೆ ಯಾರ ಕೈಯಲ್ಲಿದ್ದರೂ ಬಿಡಬೇಕು. ನಮ್ಮ ಮನೆಯಿಂದ ಅಳು ಕೇಳಿದ ಕೂಡಲೇ ಹೆಂಗಸರು ಕೊಡ ಹಿಡಿದು ಬಾವಿಗೆ ಓಡಿದರು. ಗೌಡರೇ ಬಾವಿಕಟ್ಟೆಗೆ ಬಂದು ನಿಂತು ಕುದುರೆಯವರನ್ನು ಹಿಂದೆ ಸರಿಸಿದರಂತೆ. ಬಣ್ಣಗಾರರ ಮನೆಯಿಂದ ಕೊಡ ಬಂತು, ನೇಕಾರರ ಮನೆಯಿಂದ ಬಂತು, ಗಾಣದವನು ಎರಡು ಕೊಡ ಹೆಗಲ ಮೇಲೆ ಹೊತ್ತು ತಂದ. ಎಲ್ಲರೂ ಅಳುತ್ತಿದ್ದರು. ಖರೇ ಅಳು, ಚಾವಡಿಯದಲ್ಲ. ಅಂಗಳದ ತುಂಬ, ಕುಲುಮೆಯ ಬಾಗಿಲ ತನಕ, ತುಂಬಿದ ಕೊಡಗಳ ಸಾಲು ನಿಂತಿತು. ಆ ಬೇಸಿಗೆಯಲ್ಲಿ ಅಷ್ಟು ನೀರನ್ನು ನಾನು ಒಟ್ಟಿಗೆ ಕಂಡಿರಲಿಲ್ಲ. ಎದೆ ಒಡೆದು ಹೋಗುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಇವತ್ತಿಗೂ ಹೇಳಲು ಬಾರದು.

ಮಾವನನ್ನು ತೊಳೆದರು. ಗಂಡಸರು ಹೊತ್ತುಕೊಂಡು ಹೋದರು. ಇನ್ನೂ ಎಷ್ಟೋ ಕೊಡಗಳು ಹಾಗೇ ಉಳಿದಿದ್ದವು. ರೂಢಿಯಂತೆ ಉಳಿದ ನೀರನ್ನು ಬೀದಿಗೆ ಚೆಲ್ಲಬೇಕು. ಚೆಲ್ಲಲೆಂದು ಒಬ್ಬಾಕೆ ಕೊಡ ಎತ್ತಿದಳು.

ಗೋಡೆಗೆ ಒರಗಿ ಕೂತಿದ್ದ ಅತ್ತೆ ಎದ್ದರು. ಅವಳ ಕೈಯಿಂದ ಕೊಡ ತೆಗೆದುಕೊಂಡು ನೀರೊಲೆಯ ಹಂಡೆಗೆ ಸುರಿದರು. ಇನ್ನೊಂದು ಸುರಿದರು. ಒಲೆಗೆ ಬೆಂಕಿ ಮಾಡಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ವಯಸ್ಸಾದವಳೊಬ್ಬಳು, “ಯವ್ವಾ, ಹೆಣದ ನೀರ ಅದು. ಹಸಿ ಬಾಣಂತಿಗೆ ಹಾಕತೀಯೇನ” ಎಂದಳು.

ಅತ್ತೆ ಒಲೆಗೆ ಇನ್ನೆರಡು ಕುಳ್ಳು ಒಟ್ಟಿದರು. ಕೋಣೆಗೆ ಹೋಗಿ ಮಗಳ ರಟ್ಟೆ ಹಿಡಿದು ಎಬ್ಬಿಸಿ ಬಚ್ಚಲಿಗೆ ಕರೆತಂದರು.

“ನಿಮ್ಮಪ್ಪ ತರಿಸ್ಯಾನವಾ. ಎರಕೋ” ಎಂದರು.

ನಾನು ತಂಬಿಗೆ ಹಿಡಿದೆ. ನಾದಿನಿ ಮಂಡಿಯ ಮೇಲೆ ಮುಖವಿಟ್ಟು ಕೂತಳು. ಹಂಡೆ ಬರಿದಾಗುವ ತನಕ ನಾನು ಅವಳ ಬೆನ್ನ ಮೇಲೆ ನೀರು ಹಾಕಿದೆ.